ರೇಬರ್ ಇಳಿಜಾರಿಗೊಂದು ಟ್ರ್ಯಾಕ್ಟರ್

ಮೇ 3

ಟ್ರ್ಯಾಕ್ಟರ್ ಬದಲಿಸಬೇಕು. ಮೂರು ವರ್ಷದಿಂದ ಬಾಯಲ್ಲಿ ಹೇಳುತ್ತಿದ್ದೆ, ಈಗ ಬರೆದೂ ಇಡುತ್ತೇನೆ. ಇಷ್ಟು ದಿನ ಈ ಪುಸ್ತಕದಲ್ಲಿ ಮಳೆ ಬಿದ್ದದ್ದು, ಹಸು ಕರು ಹಾಕಿದ್ದು ಬಿಟ್ಟರೆ ಬೇರೇನೂ ಬರೆದವನಲ್ಲ. ನಮ್ಮ ಹಳೆಯ ಟ್ರ್ಯಾಕ್ಟರ್ ತೀರಾ ಹಗುರ. ಹಿಂದೆ ಹುಲ್ಲಿನ ಗಾಡಿ ಕಟ್ಟಿಕೊಂಡು ಗುಡ್ಡ ಇಳಿದರೆ ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ಇನ್ನಷ್ಟು ದೊಡ್ಡದು, ಇನ್ನಷ್ಟು ಭಾರದ್ದು ಬೇಕು. ಹಾಗೆಂದು ಕೆಳಗಿನ ಬಯಲಿನವರು ಓಡಿಸುವ ಆನೆಗಾತ್ರದ್ದು ತಂದರೆ ನಮ್ಮ ದಾರಿಯಲ್ಲಿ ತಿರುಗಿಸಲು ಜಾಗವಿಲ್ಲ. ಚಿಕ್ಕದರಲ್ಲೇ ದೊಡ್ಡದು ಹುಡುಕಬೇಕು.

ನಿನ್ನೆ ಅಂಬ್ರೋಜ್‌ನನ್ನು ಮಣ್ಣು ಮಾಡಿದೆವು. ನಮಗೂ ಅವರಿಗೂ ನಡುವೆ ಒಂದೇ ಬೇಲಿ. ರೇಬರ್ ಎಂದರೆ ಅವನ ಹುಲ್ಲುಗಾವಲು, ಈ ಗುಡ್ಡಕ್ಕೇ ಕಡಿದಾದದ್ದು. ಅಲ್ಲಿ ಅವನ ಟ್ರ್ಯಾಕ್ಟರ್ ಉರುಳಿತು. ಮೊದಲು ಓಡಿಹೋದವನು ನಾನು. ಅದನ್ನು ಬರೆಯುವುದಿಲ್ಲ.

ಸೀಟಿನ ಹಿಂದೆ ಒಂದು ಕಬ್ಬಿಣದ ಕಮಾನು ಇರುತ್ತದಲ್ಲ, ಟ್ರ್ಯಾಕ್ಟರ್ ಮಗುಚಿದರೂ ಕೂತವನ ಮೈಮೇಲೆ ಬೀಳದಂತೆ ತಡೆಯುವುದು, ಅದು ಮಡಚಿಯೇ ಇತ್ತು. ಈ ಗುಡ್ಡದಲ್ಲಿ ಎಲ್ಲರದೂ ಮಡಚಿಯೇ ಇರುತ್ತದೆ. ನಮ್ಮ ಕೊಟ್ಟಿಗೆಗಳ ಬಾಗಿಲು, ಗಾಡಿಯೇ ಒಳಗೆ ನುಗ್ಗುವಂತೆ ಕಂಬಗಳ ಮೇಲೆ ಕಟ್ಟಿದ, ಹುಲ್ಲು ಒಣಗಿಸುವ ಅಟ್ಟಗಳ ಅಡ್ಡತೊಲೆ ಎಲ್ಲವೂ ಎತ್ತಿನಗಾಡಿ ಕಾಲದ ಅಳತೆಯವು. ಕಮಾನು ನಿಂತಿದ್ದರೆ ತಗಲುತ್ತದೆ. ಇಳಿ, ಪಿನ್ನು ಎಳೆ, ಮಡಚು, ಒಳಗೆ ಹೋಗು, ಹೊರಗೆ ಬಾ, ಮತ್ತೆ ಇಳಿ, ಎತ್ತಿ ನಿಲ್ಲಿಸು. ಯಾರು ಮಾಡುತ್ತಾರೆ? ಮಡಚಿದ್ದು ಮಡಚಿದ ಹಾಗೇ.

ಗಂಡಸು ಸತ್ತ ಮನೆಯ ಮೊದಲ ಬೇಸಿಗೆಯ ಹುಲ್ಲನ್ನು ಬೇಲಿಯಾಚೆಯವನು ಕೊಯ್ದು, ಒಣಗಿಸಿ, ಅಟ್ಟಕ್ಕೆ ಏರಿಸಿಕೊಡಬೇಕು. ಹೆಂಡತಿ ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಕೇಳುವ ತನಕ ಕಾದವನಿಗೆ ಮರ್ಯಾದೆಯೂ ಇಲ್ಲ. ಹಾಗಾಗಿ ಈ ವರ್ಷ ರೇಬರ್ ನನ್ನ ಪಾಲಿಗೆ. ಅದಕ್ಕೇ ಹೇಳಿದ್ದು, ಟ್ರ್ಯಾಕ್ಟರ್ ಬದಲಿಸಬೇಕು.

ಬೆಳಗಿನಿಂದ ಅಂಬ್ರೋಜ್‌ನ ಹೆಂಡತಿ ಪಾವ್ಲಾಳ ಕಡೆಯಿಂದ ಕೈಗರಗಸದ ಸದ್ದು. ಗಂಡನನ್ನು ಹೂತ ಮರುದಿನವೇ ಸೌದೆ ಕೊಯ್ಯುವವರನ್ನು ನಾನು ಕಂಡಿರಲಿಲ್ಲ. ಆ ಸದ್ದು ಕೇಳಲಾಗದೆ ಕಿಟಕಿ ಮುಚ್ಚಿದೆ.

ಮೇ 12

ಬೇಸಿಗೆಗೆ ಮುಂಚೆ ಕೊನೆಯ ಚಳಿ ತರುವ ಮೂವರು ಸಂತರಲ್ಲಿ ಮೊದಲನೆಯವನ ದಿನ. ಹೇಳಿಕಳಿಸಿದ ಹಾಗೆ ಮಂಜು ಕೂತು ಹುರುಳಿಕಾಯಿ ಗಿಡದ ಕುಡಿಗಳೆಲ್ಲ ಕಪ್ಪಾದವು. ವಿದಾ ಸಂತನನ್ನು ಬೈದಳು, ಆಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ನನ್ನ ಹೆಂಡತಿ ಯಾರ ಹತ್ತಿರವೂ ಬಾಕಿ ಉಳಿಸಿಕೊಳ್ಳುವವಳಲ್ಲ.

ಪೇಟೆಗೆ ಹೋಗಿ ಟ್ರ್ಯಾಕ್ಟರ್ ಅಂಗಡಿ ನೋಡಿದೆವು. ಮಾರುವವನ ಹೆಸರು ಬೋರುತ್. ಕೆಂಪು ಜಾಕೀಟು, ಬಾಯಿ ತೆರೆದರೆ ಹೊಳೆ.

"ಯಜಮಾನ್ರೆ, ಇದನ್ನ ನೋಡಿ. ಐವತ್ತೈದು ಎಚ್‌ಪಿ. ಕ್ಯಾಬಿನ್ ಇದೆ, ಎಸಿ ಇದೆ. ಒಳಗೆ ಕೂತ್ರೆ ಮದುವೆ ಗಂಡಿನ ಹಾಗೆ ಇರ್ತೀರ."

"ನನ್ನ ಮದುವೆ ಆಗೋಗಿದೆ ಕಣಪ್ಪ. ಇದರ ತೂಕ ಎಲ್ಲಿ ಕೂರುತ್ತೆ ಹೇಳು. ಹೊಟ್ಟೇಲೋ, ತಲೇಲೋ?"

ಅವನು ವಿದಾಳನ್ನು ನೋಡಿದ. "ಇವ್ರು ಯಾವಾಗ್ಲೂ ಹೀಗೇನಾ?" ಎಂದ.

"ಹಸು ಕೊಳ್ಳುವಾಗ ಬಾಲ ಎತ್ತಿ ಕೂಡ ನೋಡ್ತಾನೆ" ಎಂದಳು ವಿದಾ.

ಕ್ಯಾಬಿನ್ ಇರುವುದು ತೀರಾ ಎತ್ತರ. ಎತ್ತರದ್ದು ಇಳಿಜಾರಿನಲ್ಲಿ ಕುಡಿದವನ ಹಾಗೆ, ಯಾವಾಗ ಯಾವ ಕಡೆ ವಾಲುತ್ತದೋ ಹೇಳಲಾಗುವುದಿಲ್ಲ. ಎರಡನೆಯದು ತಗ್ಗಾಗಿತ್ತು, ಆದರೆ ಚಕ್ರಗಳು ಒಂದಕ್ಕೊಂದು ಹತ್ತಿರ. ಮೂರನೆಯದು ನಲವತ್ತೈದು ಎಚ್‌ಪಿಯದು, ಹಸಿರು. ಹೊಟ್ಟೆ ನೆಲಕ್ಕೆ ಹತ್ತಿರ, ಚಕ್ರಗಳನ್ನು ಹೊರಕ್ಕೆ ಸರಿಸಿ ಅಗಲ ಮಾಡಿಕೊಳ್ಳಬಹುದು, ಇಳಿಯುವಾಗ ನಾಲ್ಕೂ ಚಕ್ರವನ್ನು ಎಂಜಿನ್ ಹಿಡಿದಿರುತ್ತದೆ. ನಮ್ಮ ಹಳೆಯದಕ್ಕಿಂತ ಒಂದೂವರೆ ಪಾಲು ತೂಕ. ಹಿಂದೆ ಕಮಾನು, ಅದೂ ಮಡಚುವಂಥದ್ದು.

ವಿದಾ ಅದರ ಟೈರನ್ನು ಕಾಲಿನಿಂದ ಒದ್ದು ನೋಡಿ "ಇದೇ" ಎಂದಳು.

ನೋಡೋಣ ಎಂದೆ. ಟ್ರ್ಯಾಕ್ಟರಿನ ಮೂತಿ ಸ್ವಲ್ಪ ಉದ್ದವಾಯಿತು, ಮುಂದಿನ ನೆಲ ಕಾಣುವುದಿಲ್ಲ. ಹಣದ ತೊಂದರೆಯಲ್ಲ, ಹೋದ ಚಳಿಗಾಲ ಮಾರಿದ ಮರದ ದುಡ್ಡು ಬ್ಯಾಂಕಿನಲ್ಲಿ ಮಲಗಿದೆ. ಆದರೆ ಟ್ರ್ಯಾಕ್ಟರ್ ಒಂದು ಸಲ ತರುವ ವಸ್ತು. ಅವಸರ ಮಾಡಬಾರದು.

ಮೇ 15

ಚಳಿ ಸಂತರ ಹಿಂದೆ ಬರುವ ಒದ್ದೆ ಸೋಫಿಯಾಳ ದಿನ. ದಿನವಿಡೀ ಸುರಿಯಿತು. ಮಳೆ ಬಂದರೆ ಮನಸ್ಸಿಗೆ ಹಗುರ, ಯಾರೂ ಹುಲ್ಲಿನ ಮಾತೆತ್ತುವುದಿಲ್ಲ.

ಮೇ 25

ಮೇಲಿನ ಮನೆಯ ಯಾಕಾ ತನ್ನ ಟ್ರ್ಯಾಕ್ಟರ್ ಮಾರುತ್ತೇನೆಂದ. ಹೋಗಿ ನೋಡಿದೆ. ಟೈರು ಸವೆದಿದೆ, ಮುಂದಿನ ಅಚ್ಚಿನ ಹತ್ತಿರ ಎಣ್ಣೆ ಜಿನುಗುತ್ತದೆ, ಕ್ಲಚ್ ಗಟ್ಟಿ. ಅಷ್ಟನ್ನೂ ಹೇಳಿದೆ.

ಯಾಕಾನಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ. "ಲೋವ್ರೆ, ಹೋದ ವಾರ ಆ ಕಣಿವೆಯವನ ಗಾಡಿ ನೋಡ್ದೆ, ಸೀಟು ಎತ್ತರ ಅಂದೆ. ಅದಕ್ಕೂ ಮುಂಚೆ ಸೊಸೈಟಿಯವರದ್ದು ನೋಡ್ದೆ, ಬಣ್ಣ ಬೇಗ ಬಿಸಿಲಿಗೆ ಹೋಗುತ್ತೆ ಅಂದೆ. ಬಣ್ಣ! ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕೇ ಇದೆಯಲ್ಲೋ ಇಲ್ಲಿ, ಕಣ್ಣು ಕಾಣಲ್ವಾ?" ಎಂದೆ.

ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಇಬ್ಬರೂ ಒಟ್ಟಿಗೇ ರೇಬರ್ ಕಡೆ ನೋಡಿಬಿಟ್ಟೆವು. ಟ್ರ್ಯಾಕ್ಟರ್ ಉರುಳಿದ ಜಾಗದಲ್ಲಿ ಮಣ್ಣು ಎದ್ದದ್ದು ಅಷ್ಟು ದೂರದಿಂದಲೂ ಕಾಣುತ್ತದೆ. ಯಾಕಾ ಒಳಗೆ ಹೋಗಿ ಪ್ಲಮ್ ಬ್ರಾಂದಿ ತಂದ. ಕುಡಿದು ಬಂದೆ. ಅವನ ಟ್ರ್ಯಾಕ್ಟರ್ ಬೇಡ.

ಜೂನ್ 4

ನಮ್ಮ ಮನೆಯ ಹಿಂದಿನ ತಟ್ಟಿನ ಹುಲ್ಲನ್ನು ಹಳೆಯ ಟ್ರ್ಯಾಕ್ಟರಿನಲ್ಲೇ ಕೊಯ್ದೆ. ಅಲ್ಲಿ ನೆಲ ಸಪಾಟು. ಅಂಚಿನಲ್ಲಿ ಒಂದಷ್ಟು ಇಳಿಜಾರಿದೆ, ಅದನ್ನು ಬಿಟ್ಟೆ. ಅಲ್ಲಿ ಹುಲ್ಲು ಅಷ್ಟೇನೂ ಚೆನ್ನಾಗಿಲ್ಲ.

ಸಂಜೆ ಮೆಕ್ಕೆಜೋಳದ ಮುದ್ದೆಗೆ ಹುಳಿಹಾಲು ಸುರಿಯುತ್ತ ವಿದಾ ಕೇಳಿದಳು, "ಅಂಚು ಯಾಕೆ ಬಿಟ್ಟೆ?"

"ಅಲ್ಲಿ ಮುಳ್ಳು ಜಾಸ್ತಿ."

"ಹೋದ ವರ್ಷ ಮುಳ್ಳಿರಲಿಲ್ಲ."

"ಈ ವರ್ಷ ಇದೆ."

ಅವಳು ಮುದ್ದೆಯನ್ನು ನನ್ನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಬಡಿದಳು.

ಊಟವಾದ ಮೇಲೆ ಟೇಪು ಹಿಡಿದು ಕೊಟ್ಟಿಗೆ ಬಾಗಿಲು ಅಳೆದೆ. ಹಸಿರು ಟ್ರ್ಯಾಕ್ಟರ್ ಕಮಾನು ನಿಂತ ಹಾಗೇ ಒಳಗೆ ಹೋಗುವುದಿಲ್ಲ. ಒಂದು ಗೇಣು ಸಾಲದು. ಬಾಗಿಲ ಮೇಲಿನ ತೊಲೆ ನನ್ನ ತಾತ ಇಟ್ಟದ್ದು, ಅದರ ಮೇಲೆ ಅವನೇ ಕೆತ್ತಿದ ಇಸವಿ ಇದೆ. ಆ ಟ್ರ್ಯಾಕ್ಟರೂ ಆಗುವುದಿಲ್ಲ ಎಂದಾಯಿತು. ಹಾಗೆ ತಿಳಿದಾಗ ಒಂದು ಥರ ನೆಮ್ಮದಿಯಾದದ್ದು ಯಾಕೋ ಗೊತ್ತಿಲ್ಲ.

ಜೂನ್ 10

ರೇಬರ್‌ನ ಹುಲ್ಲು ಹೂ ಬಿಟ್ಟಿದೆ. ಗಾಳಿ ಬೀಸಿದರೆ ಇಡೀ ಗುಡ್ಡ ನಸುಗೆಂಪಾಗಿ ಹೊರಳುತ್ತದೆ. ಈಗ ಕೊಯ್ದರೆ ಹಾಲಿಗೆ ಒಳ್ಳೆಯದು. ಇನ್ನೊಂದು ತಿಂಗಳು ಬಿಟ್ಟರೆ ಬಲಿತು ಕಡ್ಡಿಯಾಗುತ್ತದೆ, ಹಸು ಮೂಸಿ ಮುಖ ತಿರುಗಿಸುತ್ತದೆ. ಪಾವ್ಲಾಳ ಏಳು ಹಸುಗಳಿಗೆ ಚಳಿಗಾಲದ ಮೇವೆಂದರೆ ಅದೇ. ಅದು ಕೈತಪ್ಪಿದರೆ ಅವಳು ಹಸು ಮಾರಬೇಕು. ಮಕ್ಕಳಿಲ್ಲದ ಮನೆಯಲ್ಲಿ ಹಸುವನ್ನೂ ಮಾರಿದರೆ ಆಮೇಲೆ ಅವಳು ಬೆಳಗ್ಗೆ ಏಳುವುದು ಯಾತಕ್ಕೆ?

ಇವತ್ತು ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ ಲಿಂಡನ್ ಮರದ ಕೆಳಗೆ ಸಿಕ್ಕಳು. ಕಪ್ಪು ಬಟ್ಟೆಯಲ್ಲಿ ಇನ್ನೂ ಗಿಡ್ಡವಾಗಿ ಕಾಣುತ್ತಾಳೆ.

"ಏನ್ ಲೋವ್ರೆ, ಹೊಸ ಟ್ರ್ಯಾಕ್ಟರ್ ತಗೋತೀಯಂತೆ" ಎಂದಳು.

"ನೋಡ್ತಾ ಇದೀನಿ ಪಾವ್ಲಾ. ಸರಿಯಾದ್ದು ಸಿಗ್ತಿಲ್ಲ."

"ಸಿಗುತ್ತೆ ಬಿಡು. ನನ್ನ ಚುಕ್ಕಿ ಹಸು ಗಬ್ಬ ಆಗಿದೆ."

"ಒಳ್ಳೇದಾಯ್ತು."

"ಹೂಂ. ಒಳ್ಳೇದೇ."

ಅಷ್ಟೇ. ಹುಲ್ಲಿನ ಮಾತಿಲ್ಲ. ಬೈದಿದ್ದರೆ ಬೈಗುಳವನ್ನು ಹೊತ್ತುಕೊಂಡು ಮನೆಗೆ ಬರಬಹುದಿತ್ತು. ಅವಳು ಗಬ್ಬದ ಹಸುವಿನ ಸುದ್ದಿ ಕೊಟ್ಟು ಕಳಿಸಿದಳು.

ಜೂನ್ 14

ಬೋರುತ್ ಹಸಿರು ಟ್ರ್ಯಾಕ್ಟರನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮ ಅಂಗಳಕ್ಕೇ ತಂದ. ಕರೆಸಿದವಳು ವಿದಾ. ನನ್ನನ್ನು ಕೇಳಲಿಲ್ಲ.

"ಯಜಮಾನ್ರೆ, ಮಾತು ಸಾಕು. ಹತ್ತಿ, ನಿಮ್ಮ ಇಳಿಜಾರಲ್ಲೇ ಓಡ್ಸಿ ನೋಡಿ. ಮೂತಿ ಉದ್ದ ಅಂದ್ರಂತೆ, ಸೀಟನ್ನ ಮುಂದಕ್ಕೆ ಸರ್ಸಿದೀನಿ. ಚಕ್ರ ಪೂರ್ತಿ ಅಗಲ ಮಾಡ್ಸಿದೀನಿ. ಮುಂದೆ ತೂಕದ ಕಬ್ಬಿಣ ನೇತು ಹಾಕ್ಸಿದೀನಿ. ಇನ್ನೇನಾದ್ರೂ ಉಳ್ಕೊಂಡಿದ್ರೆ ಹೇಳ್ಬಿಡಿ, ಅದನ್ನೂ ಮಾಡ್ತೀನಿ."

ಹತ್ತಿ ಕೂತೆ. ಕೀಲಿ ತಿರುಗಿಸಿದೆ. ಎಂಜಿನ್ ಸದ್ದು ಚೆನ್ನಾಗಿತ್ತು, ತುಂಬ ಮೆದು. ಎದುರಿಗೆ ನಮ್ಮ ಸೇಬಿನ ತೋಟದ ಇಳಿಜಾರು. ಸಾವಿರ ಸಲ ಇಳಿದಿರುವ ಇಳಿಜಾರು. ಗೇರು ಹಾಕಿದೆ. ಕ್ಲಚ್ ಮೇಲಿನ ಕಾಲು ಏಳಲಿಲ್ಲ.

ಅವರಿಬ್ಬರೂ ನೋಡುತ್ತ ನಿಂತಿದ್ದರು. ಬೋರುತ್ ಮೊದಲು ನಗುತ್ತಿದ್ದ, ಆಮೇಲೆ ಪಕ್ಕದ ಕೋಳಿಗಳನ್ನು ನೋಡತೊಡಗಿದ. ಎಷ್ಟು ಹೊತ್ತು ಹಾಗಿದ್ದೆನೋ. ಎಂಜಿನ್ ಆರಿಸಿ ಇಳಿದೆ.

"ಸೀಟು ಸರಿ ಇಲ್ಲ. ಸೊಂಟಕ್ಕೆ ಒತ್ತುತ್ತೆ" ಎಂದೆ.

ವಿದಾ ಏನಾದರೂ ಚುಚ್ಚುತ್ತಾಳೆಂದುಕೊಂಡಿದ್ದೆ. ಅವಳು "ಕಾಫಿ ಮಾಡ್ತೀನಿ" ಎಂದು ಒಳಗೆ ಹೋದಳು.

ಜೂನ್ 15

ಸೀಟು ನಿಜವಾಗಿಯೂ ಸರಿಯಿರಲಿಲ್ಲ.

ಜೂನ್ 20

ಜಗಳ. ಮದುವೆಯಾದ ಮೇಲೆ ಇಷ್ಟು ದೊಡ್ಡದು ನೆನಪಿಲ್ಲ.

ಬೆಳಗ್ಗೆ ನಾನು ಪೇಟೆಯ ಇನ್ನೊಂದು ಅಂಗಡಿಗೆ ಹೊರಟಿದ್ದೆ. ಅಲ್ಲಿ ಎಂಟು ಚಕ್ರದ್ದು ಬಂದಿದೆಯೆಂದು ಯಾರೋ ಹೇಳಿದ್ದರು. ವಿದಾ ಬಾಗಿಲಿಗೆ ಅಡ್ಡ ನಿಂತಳು.

"ಎಷ್ಟು ದಿನ ಮೀನಮೇಷ ಎಣಿಸ್ತೀಯ? ಹುಲ್ಲು ಬಲೀತಾ ಇದೆ."

"ಕೆಟ್ಟ ಟ್ರ್ಯಾಕ್ಟರ್ ತಂದು ಸಾಯಲಾ?"

"ಹಸಿರು ಟ್ರ್ಯಾಕ್ಟರ್‌ಗೆ ಏನಾಗಿದೆ? ಏನೂ ಆಗಿಲ್ಲ. ನಿನಗೆ ಆಗಿರೋದು. ಹೆದರಿಕೆ ನಿನಗೆ ಲೋವ್ರೆ. ಹೆದರಿಕೆ ಅಂತ ಬಾಯ್ಬಿಟ್ಟು ಹೇಳು, ಮುಗೀತು. ಹೆದರೋದು ತಪ್ಪಾ? ಟ್ರ್ಯಾಕ್ಟರ್ ಮೇಲೆ ಹಾಕ್ತೀಯಲ್ಲ, ಅದು ತಪ್ಪು."

ಹೆದರಿಕೆಯಂತೆ! ಇಪ್ಪತ್ತನೆಯ ವಯಸ್ಸಿನಿಂದ ಈ ಗುಡ್ಡದ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಿರುವವನಿಗೆ ಹೆದರಿಕೆಯಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಅಪ್ಪನ ಮನೆಯವರು ಬಯಲಿನವರು, ಇಳಿಜಾರೆಂದರೆ ಏನೆಂದು ಅವರಿಗೇನು ಗೊತ್ತು ಎಂದೆ. ಅವಳು ಕೇಳಿಸಿಕೊಂಡು, ನಮ್ಮ ಮನೆಯ ಅಟ್ಟದಿಂದ ಕುಡುಗೋಲು ತೆಗೆದಳು, ನನ್ನ ಅಪ್ಪನ ಉದ್ದ ಹಿಡಿಯ ಕುಡುಗೋಲು. ಸಾಣೆಕಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿ ದಾಟಿ ಹೋದಳು.

ನಾನು ಪೇಟೆಗೆ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಕಿಟಕಿಯಿಂದ ರೇಬರ್ ಕಾಣುತ್ತದೆ. ಮಧ್ಯಾಹ್ನದವರೆಗೂ ಇಬ್ಬರು ಹೆಂಗಸರು, ಒಬ್ಬಳು ಕಪ್ಪು ಬಟ್ಟೆ, ಒಬ್ಬಳು ನೀಲಿ ಏಪ್ರನ್, ಕಡಿದಾದ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಕುಡುಗೋಲು ಬೀಸುತ್ತಿದ್ದರು. ಅರವತ್ತು ದಾಟಿದವರು. ಅಷ್ಟು ದೊಡ್ಡ ಗುಡ್ಡದಲ್ಲಿ ಒಂದು ಚಾಪೆಯಷ್ಟು ಜಾಗ ಬೋಳಾಯಿತು. ಇಬ್ಬರೂ ಕೂತು ಏನೋ ತಿಂದರು. ನಕ್ಕ ಹಾಗೂ ಕಂಡಿತು.

ನಾಚಿಕೆಯಾಗುತ್ತಿದೆ. ಇದಕ್ಕೆ ಟ್ರ್ಯಾಕ್ಟರ್ ಕಾರಣವಲ್ಲ.

ಜೂನ್ 21

ವಿದಾಳಿಗೆ ಹೇಳಿದೆ. ಬೆಳಗಿನ ಹಾಲು ಕರೆಯುವಾಗ, ಅವಳ ಮುಖ ಹಸುವಿನ ಹೊಟ್ಟೆಗೆ ಆನಿಕೊಂಡಿದ್ದಾಗ ಹೇಳಿದೆ. ಮುಖ ನೋಡಿಕೊಂಡು ಹೇಳಲಾಗುತ್ತಿರಲಿಲ್ಲ.

ಅವತ್ತು ಅಂಬ್ರೋಜ್ ಅಟ್ಟದಲ್ಲಿ ಉಳಿದಿದ್ದ ಹಳೆಯ ಹುಲ್ಲು ತರಲು ಹೋಗಿದ್ದ. ತೊಲೆಯ ಕೆಳಗೆ ನುಸುಳಲು ಕಮಾನು ಮಡಚಿದ್ದ. ವಾಪಸ್ಸು ಬರುವಾಗ ಇಳಿಜಾರಿಗೆ ಅಡ್ಡವಾಗಿ ಬಂದ. ನಾನು ಬೇಲಿಯ ಕಂಬ ನೆಡುತ್ತಿದ್ದೆ. ಎಂಜಿನ್ ಸದ್ದು ಒಮ್ಮೆಲೇ ಮೇಲಕ್ಕೆ ಹೋಯಿತು, ಅಳು ಬಂದ ಮಗುವಿನ ಹಾಗೆ. ಓಡಿದೆ. ಟ್ರ್ಯಾಕ್ಟರ್ ಮಗುಚಿ ಬಿದ್ದಿತ್ತು, ಮೇಲಾದ ಚಕ್ರ ತಿರುಗುತ್ತಲೇ ಇತ್ತು. ಅವನ ಟೋಪಿ ಹುಲ್ಲಿನ ಮೇಲೆ ಯಾರೋ ಇಟ್ಟ ಹಾಗೆ ನೆಟ್ಟಗೆ ಕೂತಿತ್ತು. ನಾನು ಎತ್ತಲು ಹೋದೆ. ಟ್ರ್ಯಾಕ್ಟರನ್ನು ಬರಿಗೈಯಲ್ಲಿ ಎತ್ತಲು ಹೋದೆ. ಅವನ ಎದೆಯಿಂದ ಕೆಳಗಿನ ಮೈ ಟ್ರ್ಯಾಕ್ಟರಿನಡಿ ಇತ್ತು, ಕಾಣುತ್ತಿರಲಿಲ್ಲ. ನನ್ನನ್ನು ನೋಡಿ ಅಂಬ್ರೋಜ್ ಅಂದ, "ಎಂಜಿನ್ ಆರ್ಸೋ. ಡೀಸೆಲ್ ದಂಡ."

ನಾನು ಎಂಜಿನ್ ಆರಿಸಿ ತಿರುಗುವಷ್ಟರಲ್ಲಿ ಅವನಿರಲಿಲ್ಲ.

ವಿದಾ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಕರೆದು ಮುಗಿಸಿ, ಬಕೆಟ್ ಪಕ್ಕಕ್ಕಿಟ್ಟು, ಒದ್ದೆ ಕೈಯಲ್ಲೇ ನನ್ನ ಕುತ್ತಿಗೆ ಹಿಡಿದುಕೊಂಡಳು. ನಾನು ಅತ್ತೆ. ಹಸು ತಿರುಗಿ ನೋಡಿತು.

"ಅವನು ಡೀಸೆಲ್ ಅಂದ್ನಾ?" ಎಂದಳು ಆಮೇಲೆ.

"ಡೀಸೆಲ್ ದಂಡ ಅಂದ."

"ಜಿಪುಣ. ಸಾಯುವಾಗ್ಲೂ ಜಿಪುಣ." ಹಾಗೆ ಹೇಳಿ ಅವಳೂ ಅತ್ತಳು.

ಜೂನ್ 23

ಹಸಿರು ಟ್ರ್ಯಾಕ್ಟರ್ ಕೊಂಡೆ.

ಬೋರುತ್‌ಗೆ ನಂಬಿಕೆಯಾಗಲಿಲ್ಲ. "ಯಜಮಾನ್ರೆ, ಸೀಟು?" ಎಂದ. ಸೀಟಿಗೆ ಏನಾಗಿದೆ ಎಂದೆ. ವ್ಯಾಪಾರ ಕುದುರಿದ ಮೇಲೆ ಕೊಂಡವನು ಕುಡಿಸಬೇಕು, ಅದು ಎಲ್ಲ ಕಡೆಯ ಪದ್ಧತಿ. ಹೋಟೆಲಿನಲ್ಲಿ ಅವನಿಗೆ ವೈನು, ಸಾಸೇಜು ಕೊಡಿಸಿದೆ. ಅವನ ಅಪ್ಪನದೂ ಬೆಟ್ಟದ ಮನೆಯಂತೆ. ಅಲ್ಲಿಯೂ ಕಮಾನು ಮಡಚಿಯೇ ಇರುತ್ತದಂತೆ. "ಮಾರುವಾಗ ಎಲ್ರಿಗೂ ಹೇಳ್ತೀನಿ ನಿಲ್ಸ್ಕೊಂಡು ಓಡ್ಸಿ ಅಂತ. ಅಪ್ಪನಿಗೆ ಹೇಳಿದ್ರೆ ಬೈತಾನೆ" ಎಂದ.

ಸಂಜೆ ಸಂತ ಯೋಹಾನನ ಹಬ್ಬದ ಮುನ್ನಾದಿನದ ಬೆಂಕಿ ಹಾಕಿದ್ದರು, ಪ್ರತಿ ಗುಡ್ಡದ ನೆತ್ತಿಯ ಮೇಲೂ ಒಂದೊಂದು. ಪಾವ್ಲಾ ಬಂದಿರಲಿಲ್ಲ. ಬೆಂಕಿಯ ಹತ್ತಿರ ಯಾಕಾ ಟ್ರ್ಯಾಕ್ಟರಿನ ಬಣ್ಣದ ಬಗ್ಗೆ ಕೇಳಿದ. ಹಸಿರು ಎಂದೆ, ಬಿಸಿಲಿಗೆ ಹೋಗಲಿ ಬಿಡು.

ಜೂನ್ 27

ಟ್ರ್ಯಾಕ್ಟರ್ ಬಂತು. ಸೇಬಿನ ತೋಟದಲ್ಲಿ ಎರಡು ಸಲ ಮೇಲೆ ಕೆಳಗೆ ಓಡಿಸಿದೆ. ಮೊದಲ ಸಲ ಹೆದರಿಕೊಂಡೇ ಓಡಿಸಿದೆ. ಇಳಿಯುವಾಗ ಸಣ್ಣ ಗೇರಿನಲ್ಲಿ ಹಾಕಿ ಬಿಟ್ಟರೆ ನಾಲ್ಕೂ ಕಾಲೂರಿ ಇಳಿಯುವ ಹಸುವಿನ ಹಾಗೆ ನಿಧಾನ ಇಳಿಯುತ್ತದೆ. ಬ್ರೇಕು ಮುಟ್ಟುವುದೇ ಬೇಡ. ಒಳ್ಳೆಯ ಟ್ರ್ಯಾಕ್ಟರ್. ಮೊದಲ ದಿನವೇ ಒಳ್ಳೆಯದಾಗಿತ್ತು.

ಸಂಜೆ ಗುಡುಗು ಬಂತು, ಒಳಗೆ ನಿಲ್ಲಿಸಿದೆ.

ಜೂನ್ 28

ಇದನ್ನು ಬರೆಯಲೇಬೇಕು.

ಬೆಳಗ್ಗೆ ಹೊಸ ಟ್ರ್ಯಾಕ್ಟರನ್ನು ಕೊಟ್ಟಿಗೆಯಿಂದ ಹೊರಗೆ ತಂದು, ಹುಲ್ಲು ಕೊಯ್ಯುವ ಯಂತ್ರ ಸಿಕ್ಕಿಸಿ, ರೇಬರ್‌ಗೆ ಹೊರಟೆ. ಬೆಲ್ಟು ಹಾಕಿಕೊಂಡೆ. ಬೇಲಿಯ ಗೇಟಿನ ಹತ್ತಿರ ವಿದಾ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

"ಹಿಂದೆ ನೋಡು" ಎಂದಳು.

ನೋಡಿದೆ. ಕಮಾನು ಮಡಚಿಯೇ ಇತ್ತು.

ನಾನೇ ಮಡಚಿದ್ದು. ನಿನ್ನೆ ಒಳಗೆ ನಿಲ್ಲಿಸುವಾಗ ಇಳಿದು, ಪಿನ್ನು ಎಳೆದು, ಮಡಚಿ, ಒಳಗೆ ಹೋಗಿದ್ದೇನೆ. ಅದು ನೆನಪೇ ಇಲ್ಲ. ಎರಡು ತಿಂಗಳು ಅಂಗಡಿ ಅಂಗಡಿ ಸುತ್ತಿ, ತೂಕ ಕೇಳಿ, ಅಗಲ ಅಳೆದು, ಅಂಬ್ರೋಜ್‌ನ ಟೋಪಿಯನ್ನು ಕಣ್ಣಿನಲ್ಲಿಟ್ಟುಕೊಂಡು ತಿರುಗಿದವನು ಮೊದಲ ದಿನವೇ ಅವನು ಮಾಡಿದ್ದನ್ನೇ ಮಾಡಿದೆ. ಕೈಗೆ ರೂಢಿ, ತಲೆಯನ್ನು ಕೇಳುವುದಿಲ್ಲ.

ವಿದಾ ಕೂಗಾಡಲಿಲ್ಲ. ಸ್ಪ್ಯಾನರ್ ತಂದಳು. ಕಮಾನನ್ನು ಎತ್ತಿ ನಿಲ್ಲಿಸಿ, ಪಿನ್ನು ತೆಗೆದು, ಅದರ ಜಾಗಕ್ಕೆ ಬೋಲ್ಟು ತೂರಿಸಿ, ನಟ್ಟಿನ ಮೇಲೆ ನಟ್ಟು ಕೂರಿಸಿ ಬಿಗಿದಳು. ಪಿನ್ನುಗಳನ್ನು ಹಳೆಯ ಬಾವಿಗೆ ಎಸೆದಳು.

"ಇನ್ನು ಕೊಟ್ಟಿಗೆಗೆ ಹೋಗಲ್ಲವಲ್ಲೇ" ಎಂದೆ.

"ಮಳೇಲಿ ನೆನೀಲಿ. ಕಬ್ಬಿಣ ತುಕ್ಕು ಹಿಡಿದ್ರೆ ಹಿಡೀಲಿ. ನೀನು ಮನೆಗೆ ಬಾ."

ಇವತ್ತು ರೇಬರ್‌ಗೆ ಹೋಗಲಾಗಲಿಲ್ಲ. ಕೊಯ್ಯುವ ಯಂತ್ರ ಬಿಚ್ಚಿಟ್ಟೆ.

ಜೂನ್ 30

ರೇಬರ್ ಕೊಯ್ದೆ.

ಹೆದರಿಕೆಯಾಯಿತು. ಬರೆಯಲು ಈಗೇನೂ ಸಂಕೋಚವಿಲ್ಲ. ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ, ಬೆಲ್ಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿಕೊಂಡೆ. ನೇರ ಇಳಿ, ನೇರ ಹತ್ತು, ಅಡ್ಡ ಬರಬೇಡ ಎಂದು ಹೇಳಿಕೊಳ್ಳುತ್ತ ಹೋದೆ. ಮಣ್ಣೆದ್ದ ಜಾಗದ ಪಕ್ಕ ಬಂದಾಗ ಯಂತ್ರ ಎತ್ತಿ, ಒಂದು ಕ್ಷಣ ನಿಂತೆ. ಅಲ್ಲೂ ಹೊಸ ಹುಲ್ಲು ಮೂಡಿದೆ, ತೆಳ್ಳಗೆ. ಅದನ್ನು ಕೊಯ್ಯದೆ ಬಿಟ್ಟೆ. ಎಂಜಿನ್ ಆರಿಸಲಿಲ್ಲ. ಒಂದಿಷ್ಟು ಡೀಸೆಲ್ ದಂಡವಾಗಲಿ ಅಂಬ್ರೋಜ್, ಬೈಕೋ.

ವಿದಾ ಇಡೀ ದಿನ ಮೇಲಿನ ಅಂಚಿನಲ್ಲಿ ನಿಂತೇ ಇದ್ದಳು, ಕೈಯಲ್ಲಿ ಒಂದು ಕೆಲಸವಿಲ್ಲದೆ. ಅವಳು ಹಾಗೆ ನಿಂತದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಹುಲ್ಲು ಸ್ವಲ್ಪ ಬಲಿತಿದೆ. ಹಸು ತಿನ್ನುತ್ತದೆ.

ಜುಲೈ 2

ಎರಡು ದಿನದ ಬಿಸಿಲಿಗೆ ಹುಲ್ಲು ಒಣಗಿ ಗರಿಗರಿಯಾಯಿತು. ವಿದಾ, ಪಾವ್ಲಾ, ಯಾಕಾ ಎಲ್ಲ ಸೇರಿ ಗಾಡಿಗೆ ತುಂಬಿದರು. ಅಟ್ಟವಿರುವುದು ರೇಬರ್‌ನ ಬುಡದಲ್ಲಿ, ಅದರ ಬಾಯಿ ಪಾವ್ಲಾಳ ಮನೆಯ ಕಡೆಗೆ. ನಮ್ಮ ಕಡೆಯಿಂದ ಕಾಣುವುದು ಬೆನ್ನು ಮಾತ್ರ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ: ಕಮಾನು ಬೋಲ್ಟು ಹಾಕಿ ಬಿಗಿದದ್ದು, ತೊಲೆಯ ಕೆಳಗೆ ಹೋಗದು. ಗಾಡಿಯನ್ನು ಹೊರಗೇ ನಿಲ್ಲಿಸಿ ಹುಲ್ಲನ್ನು ಒಳಗೆ ಹೊರಬೇಕು. ಪಾವ್ಲಾ ಏನೆನ್ನುತ್ತಾಳೋ. ಅದು ಅವಳ ಅಪ್ಪ ಕಟ್ಟಿಸಿದ ಅಟ್ಟ, ಅವಳ ಜೊತೆ ಬಳುವಳಿಯಾಗಿ ಬಂದ ಜಮೀನು. ಆ ತೊಲೆಯ ಮೇಲೆ ಅವಳಪ್ಪನ ಹೆಸರಿದೆ.

ತಿರುವು ದಾಟಿ ಅಟ್ಟದ ಬಾಯಿಗೆ ಬಂದೆ. ಟ್ರ್ಯಾಕ್ಟರ್ ನಿಲ್ಲಿಸಿ, ರೂಢಿಯಂತೆ ಇಳಿಯಲು ಬೆಲ್ಟಿಗೆ ಕೈ ಹಾಕಿದ್ದೆ.

ಮುಂದೆ ಓಡಿಹೋಗಿದ್ದ ಪಾವ್ಲಾ ಅಟ್ಟದೊಳಗಿನಿಂದ ಕೂಗಿದಳು, "ಇಳೀಬೇಡ ಲೋವ್ರೆ! ಹಾಗೇ ಬಾ, ನೆಟ್ಟಗೆ ಬಾ!"

ತಲೆಯೆತ್ತಿ ನೋಡಿದೆ. ಮೇಲಿನ ದೊಡ್ಡ ತೊಲೆ ಇತ್ತು. ಕೆಳಗಿನ ಅಡ್ಡತೊಲೆ ಇರಲಿಲ್ಲ. ಎರಡೂ ಕಂಬಗಳಲ್ಲಿ ಅದರ ಮೊಂಡು ತುದಿಗಳು ಉಳಿದಿದ್ದವು, ಸೊಟ್ಟಸೊಟ್ಟ ಕೊಯ್ದದ್ದು, ಗರಗಸ ಹಿಡಿದು ಅಭ್ಯಾಸವಿಲ್ಲದ ಕೈಯ ಕೊಯ್ತ. ಕೊಯ್ದ ಜಾಗ ಎರಡು ತಿಂಗಳ ಮಳೆಗಾಳಿಗೆ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು.

ಒಳಗೆ ಹೋದೆ. ಕಮಾನು ನಿಂತೇ ಇತ್ತು, ಎಲ್ಲಿಯೂ ತಗಲಲಿಲ್ಲ. ಎಂಜಿನ್ ಆರಿಸಿದೆ.

"ಹೂತ ಮಾರನೇ ದಿನ ಕೊಯ್ದೆ" ಎಂದಳು ಪಾವ್ಲಾ. "ಅವನು ಎಷ್ಟು ಸಲ ಕೇಳಿದ್ದ ಗೊತ್ತಾ. ಇದನ್ನ ತೆಗ್ದುಬಿಡ್ತೀನಿ, ಪ್ರತಿ ಸಲ ಮಡಚೋದು ಪೀಡೆ ಅಂತ. ನಾನೇ ಬಿಡಲಿಲ್ಲ. ಅಪ್ಪನ ಹೆಸರಿದೆ, ಮುಟ್ಟಿದ್ರೆ ನೋಡು ಅಂತಿದ್ದೆ."

ವಿದಾ ನನ್ನ ಕಡೆ ನೋಡಲಿಲ್ಲ. ಅವಳಿಗೆ ಕುಡುಗೋಲು ಹಿಡಿದು ಬಂದ ದಿನವೇ ಗೊತ್ತಾಗಿತ್ತು ಎಂದು ಆಗ ತಿಳಿಯಿತು.

"ನೀನು ಬರ್ತೀಯ ಅಂತ ಗೊತ್ತಿತ್ತು ನನಗೆ" ಎಂದಳು ಪಾವ್ಲಾ. "ಯಾವಾಗ ಬಂದ್ರೂ ಮಡಚೋ ಹಾಗಾಗಬಾರದು ಅಂತ."

ಹುಲ್ಲು ಏರಿಸಿ ಮುಗಿಸಿದೆವು. ಅವಳು ಅಕ್ರೋಟಿನ ಸುರುಳಿ ರೊಟ್ಟಿ ಮಾಡಿದ್ದಳು, ಹೊಗೆ ಹಾಕಿದ ಮಾಂಸ, ಪೇರ್ ಹಣ್ಣಿನ ಬ್ರಾಂದಿ. ಮೇಜಿನ ತಲೆಯ ಕಡೆ ಅಂಬ್ರೋಜ್ ಕೂರುತ್ತಿದ್ದ ಜಾಗಕ್ಕೆ ನನ್ನನ್ನು ಕೂರಿಸಲು ನೋಡಿದಳು. ಬೇಡ ಎಂದೆ. ಅಲ್ಲಿ ಯಾರೂ ಕೂರಲಿಲ್ಲ.

ಬರುವಾಗ ಅವಳ ಗರಗಸ ಕೇಳಿ ತಂದಿದ್ದೇನೆ. ತೊಲೆ ತೆಗೆದ ಮೇಲೆ ಗೋಡೆ ಕುಸಿಯದಂತೆ ಕಬ್ಬಿಣದ ಪಟ್ಟಿ ಕೊಡಬೇಕು, ಯಾಕಾ ನಾಳೆ ಬರುತ್ತಾನೆ. ನಮ್ಮ ಕೊಟ್ಟಿಗೆ ಬಾಗಿಲಿನ ತೊಲೆಯ ಮೇಲೆ ತಾತ ಕೆತ್ತಿದ ಇಸವಿ ಇದೆ. ಇದ್ದರೆ ಇರಲಿ, ಕೊಯ್ಯುವುದೇ.